ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಡ್ಯುಯಲ್ ಬೂಟ್ ಎಲ್ಲಿ ಕೈಕೊಡುತ್ತದೆ, ಹೇಗೆ ಮಾಡಬೇಕು

ಡ್ಯುಯಲ್ ಬೂಟ್ (ಒಂದೇ ಕಂಪ್ಯೂಟರಿನಲ್ಲಿ ಎರಡು ಸಿಸ್ಟಂ ಇಟ್ಟು, ಆನ್ ಮಾಡುವಾಗ ಒಂದನ್ನು ಆರಿಸುವುದು) ಮಾಡಲು ಹೋಗಿ ಕೈಸುಟ್ಟುಕೊಂಡವರ ದೂರು ಹೆಚ್ಚುಕಡಿಮೆ ನಾಲ್ಕೇ ಬಗೆಯದು. ವಿಂಡೋಸ್ ಏಕಾಏಕಿ 48 ಅಂಕಿಯ ಕೀ ಕೇಳುತ್ತದೆ. ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸುವುದಿಲ್ಲ. ಸಿ ಡ್ರೈವ್‌ನಲ್ಲಿ 150 ಜಿಬಿ ಖಾಲಿ ಇದ್ದರೂ ವಿಂಡೋಸ್ 8 ಜಿಬಿಗಿಂತ ಹೆಚ್ಚು ಬಿಟ್ಟುಕೊಡುವುದಿಲ್ಲ. ಎಲ್ಲ ಮುಗಿದ ಮೇಲೆ ಆಯ್ಕೆಯ ಪಟ್ಟಿ ಬರದೆ ನೇರವಾಗಿ ವಿಂಡೋಸ್ ತೆರೆದುಕೊಳ್ಳುತ್ತದೆ. ಮೊದಲ ಮೂರಕ್ಕೂ ಕಾರಣ ಒಂದೇ: ಲಿನಕ್ಸ್ ಹಾಕುವ ಮುನ್ನ ವಿಂಡೋಸ್ ಒಳಗೆ ಮಾಡಬೇಕಾದ ಕೆಲಸ ಬಿಟ್ಟುಹೋಗಿರುತ್ತದೆ, ಇಲ್ಲವೇ ಹಿಂದುಮುಂದಾಗಿರುತ್ತದೆ. ಇನ್‌ಸ್ಟಾಲ್ ಮಾಡಲು ಅರ್ಧ ತಾಸು ಸಾಕು. ಅದರ ಮುಂಚಿನ ತಯಾರಿಗೆ ಇಡೀ ಒಂದು ಮಧ್ಯಾಹ್ನ ತೆಗೆದಿಡಿ.

ವಿಂಡೋಸ್ ಬಿಟ್ಟುಬಿಡಿ ಎಂದು ಹೇಳುವುದು ಸುಲಭ, ಬಿಡುವುದು ಸುಲಭವಲ್ಲ. ಬ್ಯಾಡಗಿಯ ದಲಾಲಿ ಅಂಗಡಿಗೆ ಟ್ಯಾಲಿ ಬೇಕು, ಗದಗಿನ ಮುದ್ರಣಾಲಯಕ್ಕೆ ಕೋರೆಲ್‌ಡ್ರಾ ಮತ್ತು ನುಡಿ ಬೇಕು, ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಲ್ಯಾಬ್ ಕೆಲಸಕ್ಕೆ ಲಿನಕ್ಸ್ ಬೇಕು, ಮನೆಯವರಿಗೆ ವಿಂಡೋಸೇ ಬೇಕು. ಹಾಗಾಗಿ ಎರಡೂ ಇರಲಿ. ಇಲ್ಲಿ ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಸೇರಿಸುವ ಕ್ರಮವಿದೆ. ವಿಂಡೋಸ್ 10ಕ್ಕೂ ಕ್ರಮ ಇದೇ. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಕಂಪ್ಯೂಟರ್ ಇದ್ದವರು ಇಂಟರ್‌ನೆಟ್ ಕೆಲಸವನ್ನು ಲಿನಕ್ಸ್‌ಗೆ ವರ್ಗಾಯಿಸುವುದು ಒಳ್ಳೆಯದು.

ಒಂದು ಸೂಚನೆ: ಕೆಳಗೆ ಕನ್ನಡದಲ್ಲಿ ಬರೆದಿರುವ ಬಟನ್‌ಗಳ ಹೆಸರು ಪರದೆಯಲ್ಲಿ ಇಂಗ್ಲಿಷಿನಲ್ಲಿ ಇರುತ್ತವೆ. ಕಮಾಂಡ್‌ಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

## 1. ಬೇಕಾದ ಸಾಮಾನು

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್‌ಗೆ ಬೇರೆಯದೇ ಹಾರ್ಡ್ ಡಿಸ್ಕ್. ಫೋನು ಮತ್ತು ಅದರ ಡೇಟಾ ಕೇಬಲ್. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್. ಪಿನ್ ಒಂದೇ ಗೊತ್ತಿದ್ದರೆ ಸಾಲದು, ಏಕೆಂಬುದು ಮುಂದೆ ಬರುತ್ತದೆ.

ಮಿಂಟ್‌ಗೆ ಕನಿಷ್ಠ 20 ಜಿಬಿ ಜಾಗ ಸಾಕೆಂದು ಹೇಳಲಾಗಿದೆ, ಆದರೆ ಅಷ್ಟರಲ್ಲಿ ಆರು ತಿಂಗಳೂ ನೆಮ್ಮದಿಯಿಂದ ಇರಲಾಗದು. 60 ಜಿಬಿ ಕೊಡಿ, ಸಾಧ್ಯವಾದರೆ 100 ಜಿಬಿ. ಕೊಟ್ಟ ಮೇಲೂ ವಿಂಡೋಸ್ ಪಾಲಿನಲ್ಲಿ 40 ಜಿಬಿಯಾದರೂ ಖಾಲಿ ಉಳಿಯಬೇಕು, ಇಲ್ಲದಿದ್ದರೆ ಅದರ ದೊಡ್ಡ ಅಪ್‌ಡೇಟ್‌ಗಳು ಅರ್ಧಕ್ಕೆ ನಿಲ್ಲುತ್ತವೆ.

ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಸಂಜೆ ಲೈನ್ ಹೋಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದೆ. ಪಾರ್ಟಿಷನ್ (ಡಿಸ್ಕ್‌ನ ಪಾಲು) ಬದಲಾಗುತ್ತಿರುವಾಗ ಕರೆಂಟ್ ಹೋದರೆ ಎರಡೂ ಸಿಸ್ಟಂ ಕಳೆದುಕೊಳ್ಳುವ ಅಪಾಯವಿದೆ. ಲ್ಯಾಪ್‌ಟಾಪ್ ಆದರೂ ಚಾರ್ಜರ್ ಹಚ್ಚಿಯೇ ಇರಲಿ.

## 2. ಬ್ಯಾಕಪ್, ಅದರ ಪರೀಕ್ಷೆ

ಫೋಟೊ ಮತ್ತು ದಾಖಲೆಗಳನ್ನು ಎಲ್ಲರೂ ನೆನಪಿಟ್ಟು ನಕಲು ಮಾಡುತ್ತಾರೆ. ಮರೆಯುವುದು ಟ್ಯಾಲಿಯ ಡೇಟಾ ಫೋಲ್ಡರ್, ಡೆಸ್ಕ್‌ಟಾಪ್ ಮೇಲಿನ ಕಡತಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು. ನಕಲು ಮಾಡಿದ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ನಾಲ್ಕಾರು ಫೈಲ್ ತೆರೆದು ನೋಡಿ. ಆ ಮೇಲೆ ಡಿಸ್ಕನ್ನು ತೆಗೆದಿಡಿ. ಇನ್‌ಸ್ಟಾಲ್ ಮಾಡುವಾಗ ಅದು ಕಂಪ್ಯೂಟರಿಗೆ ಚುಚ್ಚಿಕೊಂಡಿದ್ದರೆ, ತಪ್ಪಿ ಅದನ್ನೇ ಫಾರ್ಮ್ಯಾಟ್ ಮಾಡಿಬಿಡುವ ಸಾಧ್ಯತೆ ಇರುತ್ತದೆ.

## 3. ಯುಇಎಫ್‌ಐ ಹೌದೋ ಅಲ್ಲವೋ ನೋಡಿ

ಕಂಪ್ಯೂಟರನ್ನು ಎಬ್ಬಿಸುವ ಮೂಲ ಪ್ರೋಗ್ರಾಂ ಬಯೋಸ್; ಅದರ ಹೊಸ ಬಗೆ ಯುಇಎಫ್‌ಐ, ಹಳೆಯದು ಲೆಗಸಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎಂಎಸ್‌ಇನ್ಫೊ32 ಎಂದು ಬರೆದು ಎಂಟರ್ ಮಾಡಿ. ತೆರೆದ ಪಟ್ಟಿಯಲ್ಲಿ 'ಬಯೋಸ್ ಮೋಡ್' ಎದುರು 'ಯುಇಎಫ್‌ಐ' ಎಂದಿದ್ದರೆ ಈ ಬರಹದ ಕ್ರಮ ಹಾಗೇ ಹೊಂದುತ್ತದೆ.

'ಲೆಗಸಿ' ಎಂದಿದ್ದರೆ ಕಂಪ್ಯೂಟರ್ ಹಳೆಯದು, ಡಿಸ್ಕ್ ಬಹುತೇಕ ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಮಾದರಿಯದು. ಅದರಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಪೆನ್‌ಡ್ರೈವನ್ನೂ ಎಂಬಿಆರ್ ಆಗಿಯೇ ತಯಾರಿಸಬೇಕು. ಒಂದು ಸಿಸ್ಟಂ ಲೆಗಸಿಯಲ್ಲಿ, ಇನ್ನೊಂದು ಯುಇಎಫ್‌ಐನಲ್ಲಿ ಕೂತರೆ ಆಯ್ಕೆಯ ಪಟ್ಟಿ ಎರಡನ್ನೂ ತೋರಿಸುವುದಿಲ್ಲ.

## 4. ಡಿಸ್ಕ್ ಬೀಗ ತೆಗೆಯಿರಿ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ವಿಂಡೋಸ್ ಹೋಮ್ ಆವೃತ್ತಿಯಲ್ಲೂ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು. ಮಾಲೀಕರಿಗೇ ಇದು ಗೊತ್ತಿರುವುದಿಲ್ಲ. ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದೊಡನೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುವುದು ಇದರಿಂದಲೇ.

ಮೊದಲು ಕೀ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ, ನಿಮ್ಮ ಸಾಧನದ ಹೆಸರಿನ ಕೆಳಗೆ ಬಿಟ್‌ಲಾಕರ್ (ವಿಂಡೋಸ್‌ನ ಈ ಬೀಗದ ಹೆಸರು) ಕೀ ನೋಡಿ ಕಾಗದಕ್ಕೆ ಇಳಿಸಿ. ಅದೇ ಕಂಪ್ಯೂಟರಿನಲ್ಲಿ ಉಳಿಸಿದ ಕೀ ಆಪತ್ತಿಗೆ ಬರುವುದಿಲ್ಲ.

ನಂತರ ಸೆಟ್ಟಿಂಗ್ಸ್‌ನ 'ಪ್ರೈವೆಸಿ ಅಂಡ್ ಸೆಕ್ಯುರಿಟಿ'ಯಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಆಫ್ ಮಾಡಿ. ಪ್ರೊ ಆವೃತ್ತಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟಕ್ಕೆ ಹೋಗಿ. ಬಟನ್ ಒತ್ತಿದ ತಕ್ಷಣ ಕೆಲಸ ಮುಗಿಯುವುದಿಲ್ಲ. ಡಿಸ್ಕ್ ತುಂಬಿದ್ದರೆ ಒಂದು ತಾಸಿಗೂ ಹೆಚ್ಚು ಹಿಡಿಯಬಹುದು. 'ಡಿಕ್ರಿಪ್ಷನ್ ನಡೆಯುತ್ತಿದೆ' ಎಂಬ ಸಾಲು ಹೋಗುವವರೆಗೂ ಮುಂದಿನ ಹೆಜ್ಜೆ ಇಡಬೇಡಿ.

ಬೀಗ ತೆಗೆದ ಮೇಲೆ ಲ್ಯಾಪ್‌ಟಾಪ್ ಕಳುವಾದರೆ ಡೇಟಾ ಯಾರಾದರೂ ಓದಬಹುದು. ಗ್ರಾಹಕರ ದಾಖಲೆ ಇಡುವ ಕಂಪ್ಯೂಟರ್ ಆದರೆ ಡ್ಯುಯಲ್ ಬೂಟ್ ಮುಗಿದ ಮೇಲೆ ಮತ್ತೆ ಆನ್ ಮಾಡಿ, ಹೊಸ ಕೀ ಬರೆದಿಡಿ. ಆಗ ವಿಂಡೋಸನ್ನು ಲಿನಕ್ಸ್‌ನ ಪಟ್ಟಿಯಿಂದ ತೆರೆಯುವ ಬದಲು ಕಂಪ್ಯೂಟರಿನ ಬೂಟ್ ಮೆನುವಿನಿಂದಲೇ ತೆರೆದರೆ ಪದೇಪದೇ ಕೀ ಕೇಳುವ ಕಾಟ ತಪ್ಪುತ್ತದೆ.

## 5. ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ

ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, 'ಶಟ್ ಡೌನ್' ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಒಂದು ಭಾಗವನ್ನು ಹಾಗೇ ಡಿಸ್ಕ್‌ಗೆ ಬರೆದು ಮಲಗುತ್ತದೆ, ಮರುದಿನ ಅಲ್ಲಿಂದಲೇ ಏಳುತ್ತದೆ. ಈ ನಡುವೆ ಲಿನಕ್ಸ್ ಬಂದು ಅದೇ ಡ್ರೈವ್‌ನಲ್ಲಿ ಬರೆದರೆ ವಿಂಡೋಸ್‌ನ ಲೆಕ್ಕ ತಪ್ಪಿ ಫೈಲ್‌ಗಳು ಕೆಡುತ್ತವೆ. ಬಹಳ ಸಲ ಲಿನಕ್ಸ್ ಇದನ್ನು ಗುರುತಿಸಿ ಆ ಡ್ರೈವನ್ನು ಓದಲು ಮಾತ್ರ ತೆರೆಯುತ್ತದೆ. 'ಲಿನಕ್ಸ್‌ನಿಂದ ಡಿ ಡ್ರೈವ್‌ಗೆ ಫೈಲ್ ಹಾಕಲು ಬರುತ್ತಿಲ್ಲ' ಎಂಬ ದೂರಿನ ಮೂಲ ಇಲ್ಲಿದೆ.

ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಅಂಟಿಸಿ ಬರೆದು, ಜಾಗ ಬಿಟ್ಟು ಓರೆಗೆರೆ (/) ಮತ್ತು ಎಚ್, ಮತ್ತೆ ಜಾಗ ಬಿಟ್ಟು ಆಫ್ ಎಂದು ಬರೆದು ಎಂಟರ್ ಒತ್ತಿ. ಇದರಿಂದ ಹೈಬರ್ನೇಷನ್ ಮತ್ತು ಫಾಸ್ಟ್ ಸ್ಟಾರ್ಟಪ್ ಎರಡೂ ನಿಲ್ಲುತ್ತವೆ. ಜೊತೆಗೆ ಸಿ ಡ್ರೈವ್‌ನಲ್ಲಿ ಹಲವು ಜಿಬಿ ತಿನ್ನುತ್ತಿದ್ದ ಹೈಬರ್ನೇಷನ್ ಫೈಲ್ ಅಳಿಸಿಹೋಗುತ್ತದೆ. 7ನೇ ಹಂತದಲ್ಲಿ ಜಾಗ ಬಿಡಿಸುವಾಗ ಅಡ್ಡ ಬರುವ ಫೈಲ್‌ಗಳಲ್ಲಿ ಅದೂ ಒಂದು. ಅದಕ್ಕೇ ಇದು ಮೊದಲು ಆಗಬೇಕು.

## 6. ಡಿಸ್ಕ್ ಕಂಟ್ರೋಲರ್: ಅತಿ ಹೆಚ್ಚು ಜನ ಎಡವುವ ಜಾಗ

ಡಿವೈಸ್ ಮ್ಯಾನೇಜರ್ ತೆರೆದು 'ಸ್ಟೋರೇಜ್ ಕಂಟ್ರೋಲರ್ಸ್' ಬಿಡಿಸಿ. ಅಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಹೆಸರಿದ್ದರೆ ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದಿರುವ ಸಾಧ್ಯತೆ ಇದೆ. 11ನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್ ಮತ್ತು ಅದರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಆ ಹೆಸರು ಇಲ್ಲದಿದ್ದರೆ ಈ ಹಂತ ನಿಮಗೆ ಬೇಡ, ಮುಂದಕ್ಕೆ ಹೋಗಿ.

ಇದಕ್ಕೆ ಪರಿಹಾರ ಕಂಟ್ರೋಲರನ್ನು ಲಿನಕ್ಸ್‌ಗೂ ಕಾಣುವ ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ತರುವುದು. ಆದರೆ ಬಯೋಸ್‌ಗೆ ಹೋಗಿ ನೇರವಾಗಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹಾಗೆ ಆಗಿದ್ದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಬೇಡಿ. ಸೆಟ್ಟಿಂಗ್ ಹಿಂದಿನಂತೆ ಮಾಡಿದರೆ ವಿಂಡೋಸ್ ಮತ್ತೆ ಏಳುತ್ತದೆ. ಸರಿಯಾದ ಕ್ರಮ ಹೀಗೆ:

ವಿಂಡೋಸ್ ಕೀ ಮತ್ತು ಆರ್ ಒತ್ತಿ ಎಂಎಸ್‌ಕಾನ್ಫಿಗ್ ತೆರೆಯಿರಿ. 'ಬೂಟ್' ಟ್ಯಾಬ್‌ನಲ್ಲಿ 'ಸೇಫ್ ಬೂಟ್'ಗೆ ಗುರುತು ಹಾಕಿ, 'ಮಿನಿಮಲ್' ಆರಿಸಿ ರೀಸ್ಟಾರ್ಟ್ ಮಾಡಿ. ಪರದೆ ಕಪ್ಪಾದ ಕೂಡಲೇ ಬಯೋಸ್ ಕೀ ಒತ್ತುತ್ತ ಹೋಗಿ: ಡೆಲ್, ಏಸರ್, ಏಸುಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಅಲ್ಲಿ ವಿಎಂಡಿ ನಿಲ್ಲಿಸಿ, ಅಥವಾ ಸಾಟಾ ಮೋಡ್ ಎಎಚ್‌ಸಿಐ ಮಾಡಿ, ಉಳಿಸಿ ಹೊರಬನ್ನಿ. ಏಸರ್‌ನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಅಡಗಿರುತ್ತದೆ. 'ಮೇನ್' ಟ್ಯಾಬ್‌ನಲ್ಲಿದ್ದಾಗ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಕಾಣಿಸುತ್ತದೆ.

ವಿಂಡೋಸ್ ಈಗ ಸೇಫ್ ಮೋಡ್‌ನಲ್ಲಿ ತೆರೆದು ಹೊಸ ಡ್ರೈವರ್ ಹಿಡಿಯುತ್ತದೆ. ಇಲ್ಲಿ ಪಿನ್ ಕೆಲಸ ಮಾಡದೆ ಖಾತೆಯ ಪಾಸ್‌ವರ್ಡ್ ಕೇಳಬಹುದು. ಆರಂಭದಲ್ಲೇ ಪಾಸ್‌ವರ್ಡ್ ಬೇಕು ಎಂದದ್ದು ಇದಕ್ಕೆ. ಒಳಹೋಗಿ ಎಂಎಸ್‌ಕಾನ್ಫಿಗ್‌ನಲ್ಲಿ ಹಾಕಿದ ಗುರುತು ತೆಗೆದು ರೀಸ್ಟಾರ್ಟ್ ಮಾಡಿ. ಗುರುತು ತೆಗೆಯಲು ಮರೆತರೆ ಪ್ರತಿ ಸಲವೂ ಸೇಫ್ ಮೋಡೇ ಬರುತ್ತಿರುತ್ತದೆ.

## 7. ಲಿನಕ್ಸ್ ಪಾಲಿನ ಜಾಗ ಬಿಡಿಸಿ

ಹೊಲ ಪೋಡಿ ಮಾಡಿಸುವಾಗ ಬದು ಯಾರು ಹಾಕುತ್ತಾರೆ ಎಂಬುದೇ ಮುಖ್ಯ. ಡಿಸ್ಕ್‌ನಲ್ಲೂ ಹಾಗೆಯೇ. ವಿಂಡೋಸ್ ಪಾರ್ಟಿಷನ್ನಿನ ಬದುವನ್ನು ವಿಂಡೋಸ್‌ನಿಂದಲೇ ಸರಿಸಿ, ಲಿನಕ್ಸ್ ಇನ್‌ಸ್ಟಾಲರ್ ಕೈಗೆ ಆ ಕೆಲಸ ಕೊಡಬೇಡಿ. ಯಾವ ಫೈಲ್ ಎಲ್ಲಿದೆ, ಯಾವುದು ಕದಲುವುದಿಲ್ಲ ಎಂಬುದು ವಿಂಡೋಸ್‌ಗೆ ಗೊತ್ತಿರುತ್ತದೆ.

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಸಿ ಡ್ರೈವ್ ಮೇಲೆ ಬಲ ಕ್ಲಿಕ್, 'ಶ್ರಿಂಕ್ ವಾಲ್ಯೂಮ್'. ಅಳತೆ ಎಂಬಿಯಲ್ಲಿ ಕೇಳುತ್ತದೆ: 60 ಜಿಬಿಗೆ 61440, 100 ಜಿಬಿಗೆ 102400.

ಬರಬೇಕಾದ್ದಕ್ಕಿಂತ ತೀರಾ ಕಡಿಮೆ ಸಂಖ್ಯೆ ತೋರಿಸಿದರೆ ಕದಲದ ಫೈಲೊಂದು ಡ್ರೈವ್‌ನ ನಡುವೆ ಕೂತಿದೆ ಎಂದರ್ಥ. ಸಾಮಾನ್ಯವಾಗಿ ಅವು ಮೂರು: ಹೈಬರ್ನೇಷನ್ ಫೈಲ್ (5ನೇ ಹಂತದಲ್ಲಿ ಹೋಯಿತು), ಪೇಜ್ ಫೈಲ್, ಸಿಸ್ಟಂ ರಿಸ್ಟೋರ್‌ನ ದಾಖಲೆ. 'ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್' ತೆರೆದು, 'ಪರ್ಫಾರ್ಮೆನ್ಸ್' ಒಳಗಿನ 'ವರ್ಚುವಲ್ ಮೆಮೊರಿ'ಯಲ್ಲಿ ಪೇಜ್ ಫೈಲ್ ಬೇಡವೆಂದು ಆರಿಸಿ. 'ಸಿಸ್ಟಂ ಪ್ರೊಟೆಕ್ಷನ್' ತಾತ್ಕಾಲಿಕವಾಗಿ ನಿಲ್ಲಿಸಿ. ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್ ಮಾಡಿದರೆ ಬಹುತೇಕ ಜಾಗ ಸಿಗುತ್ತದೆ. ಸಿಕ್ಕ ಮೇಲೆ ಎರಡನ್ನೂ ಮೊದಲಿನಂತೆ ಆನ್ ಮಾಡಲು ಮರೆಯಬೇಡಿ.

ಈಗ ಕಪ್ಪು ಪಟ್ಟಿಯೊಂದಿಗೆ 'ಅನ್‌ಅಲೋಕೇಟೆಡ್' ಎಂದು ಖಾಲಿ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ; ಹೊಸ ಡ್ರೈವ್ ಮಾಡಿ ಇ, ಎಫ್ ಎಂದು ಹೆಸರು ಕೊಡಬೇಡಿ. ಪಕ್ಕದಲ್ಲಿರುವ 100 ಎಂಬಿ ಅಥವಾ ಅದಕ್ಕಿಂತ ತುಸು ದೊಡ್ಡ, ಬೂಟ್ ಫೈಲ್‌ಗಳಿರುವ 'ಇಎಫ್‌ಐ' ಪಾರ್ಟಿಷನ್ನನ್ನೂ, 'ರಿಕವರಿ' ಪಾರ್ಟಿಷನ್ನನ್ನೂ ಮುಟ್ಟಬೇಡಿ. ಎರಡು ಸಲ ರೀಸ್ಟಾರ್ಟ್ ಮಾಡಿ ವಿಂಡೋಸ್ ಸರಿಯಾಗಿ ಏಳುತ್ತಿದೆಯೇ ನೋಡಿ. ತೊಂದರೆ ಇದ್ದರೆ ಈಗಲೇ ಗೊತ್ತಾಗಲಿ.

ವ್ಯಾಪಾರದ ಲೆಕ್ಕ ಇರುವ ಡೆಸ್ಕ್‌ಟಾಪ್‌ನಲ್ಲಿ ಈ ಹಂತವನ್ನೇ ಬಿಟ್ಟು, 256 ಜಿಬಿಯ ಎರಡನೇ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ. ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಬಿಚ್ಚಿಡಿ. ಬಿಚ್ಚದೇ ಹಾಕಿದರೆ, ಎರಡನೇ ಡಿಸ್ಕ್ ಆರಿಸಿದರೂ ಮಿಂಟ್‌ನ ಇನ್‌ಸ್ಟಾಲರ್ ಬೂಟ್ ಫೈಲ್‌ಗಳನ್ನು ಮೊದಲ ಡಿಸ್ಕ್‌ನಲ್ಲೇ ಇಡುವುದುಂಟು. ಎಸ್‌ಎಸ್‌ಡಿಗೆ ಖರ್ಚಾದ ಹಣ, ಹಂಗಾಮಿನಲ್ಲಿ ಒಂದು ದಿನ ಲೆಕ್ಕ ನಿಂತರೆ ಆಗುವ ನಷ್ಟದ ಮುಂದೆ ಏನೂ ಅಲ್ಲ.

## 8. ಪೆನ್‌ಡ್ರೈವ್ ತಯಾರಿ

ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ 'ಸಿನ್ನಮನ್' ಆವೃತ್ತಿಯ ಐಎಸ್‌ಒ ಫೈಲ್ (ಇಡೀ ಸಿಸ್ಟಂ ತುಂಬಿದ ಒಂದೇ ಕಡತ) ಇಳಿಸಿಕೊಳ್ಳಿ, ಸುಮಾರು 3 ಜಿಬಿ. ಯಾರದೋ ಪೆನ್‌ಡ್ರೈವ್‌ನಲ್ಲಿ ಎರಡು ವರ್ಷದಿಂದ ಇದ್ದ ಹಳೆಯ ಫೈಲ್ ಬೇಡ. ನಂಬಿಕೆಯ ಸಹಿ ಇಲ್ಲದ ಸಿಸ್ಟಂ ಏಳದಂತೆ ನೋಡುವ ಸೆಕ್ಯೂರ್ ಬೂಟ್ ಅದನ್ನು ತಡೆಯಬಹುದು. ಇಳಿಸಿದ ಫೈಲ್‌ನ ಬೆರಳಚ್ಚಿನಂತಿರುವ ಎಸ್‌ಎಚ್‌ಎ256 ಮೊತ್ತವನ್ನು ತಾಣದಲ್ಲಿ ಕೊಟ್ಟ 64 ಅಕ್ಷರಗಳ ಸಾಲಿನೊಂದಿಗೆ ಹೋಲಿಸಿ. ನಡುವೆ ಸಿಗ್ನಲ್ ಕಡಿದು ಫೈಲ್ ಕೆಟ್ಟಿದ್ದರೆ ಇನ್‌ಸ್ಟಾಲ್ ಮುಕ್ಕಾಲು ಆದಾಗ ನಿಂತುಬಿಡುತ್ತದೆ.

ಪೆನ್‌ಡ್ರೈವ್‌ಗೆ ಐಎಸ್‌ಒ ಬರೆಯುವ ರೂಫಸ್ ಎಂಬ ಪ್ರೋಗ್ರಾಂ ತೆರೆದು ಪೆನ್‌ಡ್ರೈವ್ ಮತ್ತು ಐಎಸ್‌ಒ ಆರಿಸಿ. ಪಾರ್ಟಿಷನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ. 'ಸ್ಟಾರ್ಟ್' ಒತ್ತಿದಾಗ ಎರಡು ಮೋಡ್ ಕೇಳಿದರೆ ಐಎಸ್‌ಒ ಮೋಡ್ ಸಾಕು.

## 9. ಹಾಕುವ ಮೊದಲು ಪರೀಕ್ಷೆ

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡಿ, ಬೂಟ್ ಮೆನು ಕೀ ಒತ್ತಿ: ಡೆಲ್ ಮತ್ತು ಲೆನೊವೊ ಎಫ್12, ಎಚ್‌ಪಿ ಎಫ್9, ಏಸುಸ್ ಲ್ಯಾಪ್‌ಟಾಪ್ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಮೊದಲು ಬಯೋಸ್‌ನಲ್ಲಿ ಅದನ್ನು ಸಕ್ರಿಯಗೊಳಿಸಬೇಕಾಗಬಹುದು. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಡಿಸ್ಕ್ ಮುಟ್ಟದೆ ತೆರೆದುಕೊಳ್ಳುತ್ತದೆ.

ಇಲ್ಲಿ ಹತ್ತು ನಿಮಿಷ ಕಳೆಯಿರಿ. ವೈಫೈ ಹತ್ತುತ್ತದೆಯೇ, ಧ್ವನಿ ಬರುತ್ತದೆಯೇ, ಟಚ್‌ಪ್ಯಾಡ್ ಮತ್ತು ಬೆಳಕಿನ ಕೀಗಳು ಓಡುತ್ತವೆಯೇ ನೋಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ 'ಯುಎಸ್‌ಬಿ ಟೆಥರಿಂಗ್' ಆನ್ ಮಾಡಿ; ಡ್ರೈವರ್ ಇಳಿಸಿಕೊಳ್ಳಲು ಅಷ್ಟು ಸಾಕು. ಕೊನೆಗೆ 'ಡಿಸ್ಕ್ಸ್' ಎಂಬ ಪ್ರೋಗ್ರಾಂ ತೆರೆದು, ನೀವು ಬಿಡಿಸಿದ ಖಾಲಿ ಜಾಗ ಅಷ್ಟೇ ಅಳತೆಯಲ್ಲಿ ಕಾಣುತ್ತಿದೆಯೇ ಖಚಿತಪಡಿಸಿಕೊಳ್ಳಿ. ಡಿಸ್ಕೇ ಕಾಣದಿದ್ದರೆ 6ನೇ ಹಂತಕ್ಕೆ ಹಿಂದಿರುಗಿ.

## 10. ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿನ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಒತ್ತಿ. ಭಾಷೆ, ಕೀಬೋರ್ಡ್ ಸದ್ಯಕ್ಕೆ ಇಂಗ್ಲಿಷ್ ಇರಲಿ. ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಗುರುತು ಹಾಕಿದಾಗ ಸೆಕ್ಯೂರ್ ಬೂಟ್‌ಗಾಗಿ ಒಂದು ಪಾಸ್‌ವರ್ಡ್ ಕೇಳಿದರೆ, ಕೊಟ್ಟು ಬರೆದಿಟ್ಟುಕೊಳ್ಳಿ.

ಮುಂದಿನ ಪರದೆಯಲ್ಲಿ ಕೈ ಗಟ್ಟಿ ಇರಲಿ. 'ಇರೇಸ್ ಡಿಸ್ಕ್' ಎಂದರೆ ವಿಂಡೋಸ್, ಡಿ ಡ್ರೈವ್, ರಿಕವರಿ ಎಲ್ಲವೂ ಹೋಗುತ್ತವೆ. 'ಅಲಾಂಗ್‌ಸೈಡ್' ಎಂಬುದು ಎಷ್ಟೋ ಸಲ ಸರಿಯಾಗಿಯೇ ಮಾಡುತ್ತದೆ, ಆದರೆ ಯಾವ ಜಾಗ ತೆಗೆದುಕೊಳ್ಳುತ್ತದೆ ಎಂಬುದು ನಿಮ್ಮ ಕಣ್ಣೆದುರು ಇರುವುದಿಲ್ಲ. 'ಸಮ್‌ಥಿಂಗ್ ಎಲ್ಸ್' ಆರಿಸಿ.

ಪಟ್ಟಿಯಲ್ಲಿ 'ಫ್ರೀ ಸ್ಪೇಸ್' ಸಾಲು ಹುಡುಕಿ. 61440 ಎಂಬಿ ಬಿಡಿಸಿದ್ದರೆ ಇಲ್ಲಿ 64424 ಎಂಬಿಯಷ್ಟು ಕಾಣಬಹುದು, ಎಣಿಸುವ ಲೆಕ್ಕ ಬೇರೆ, ಜಾಗ ಅದೇ. ಅದನ್ನು ಆರಿಸಿ ಕೂಡಿಸುವ ಚಿಹ್ನೆ ಒತ್ತಿ, ಪೂರ್ತಿ ಜಾಗ ಕೊಟ್ಟು, ಬಗೆ 'ಇಎಕ್ಸ್‌ಟಿ4', ಮೌಂಟ್ ಪಾಯಿಂಟ್ ಒಂದೇ ಓರೆಗೆರೆ ಎಂದು ಹೇಳಿ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಜಾಗ) ಪ್ರತ್ಯೇಕ ಪಾರ್ಟಿಷನ್ ಬೇಕಿಲ್ಲ. ಇಎಫ್‌ಐ ಸಾಲಿನ ಎದುರು 'ಫಾರ್ಮ್ಯಾಟ್' ಗುರುತು ಇರಕೂಡದು. ಅದು ಅಳಿಸಿದರೆ ವಿಂಡೋಸ್ ಏಳುವುದಿಲ್ಲ.

'ಇನ್‌ಸ್ಟಾಲ್ ನೌ' ಒತ್ತಿದ ಮೇಲೆ ಕೊನೆಯ ಎಚ್ಚರಿಕೆ ಬರುತ್ತದೆ. ಅದರಲ್ಲಿ ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಆಗುವ ಒಂದೇ ಒಂದು ಪಾರ್ಟಿಷನ್ ಹೆಸರಿರಬೇಕು. ವಿಂಡೋಸ್ ಪಾರ್ಟಿಷನ್ನಿನ ಬಗೆಯಾದ ಎನ್‌ಟಿಎಫ್‌ಎಸ್ ಎಂಬ ಪದ ಕಂಡರೆ ಹಿಂದೆ ಹೋಗಿ. ಈ ಕ್ಷಣದವರೆಗೂ ಇನ್‌ಸ್ಟಾಲರ್ ಡಿಸ್ಕ್‌ನಲ್ಲಿ ಏನೂ ಬದಲಿಸಿರುವುದಿಲ್ಲ.

## 11. ಮೊದಲ ದಿನವೇ ಮಾಡಬೇಕಾದ್ದು

ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ 'ಮಾಕ್ ಮ್ಯಾನೇಜ್‌ಮೆಂಟ್' ಬಂದರೆ 'ಎನ್ರೋಲ್ ಮಾಕ್', 'ಕಂಟಿನ್ಯೂ', 'ಯೆಸ್' ಒತ್ತಿ, ಬರೆದಿಟ್ಟ ಪಾಸ್‌ವರ್ಡ್ ಕೊಡಿ. ಸ್ವಲ್ಪ ಹೊತ್ತು ಬಿಟ್ಟರೆ ಈ ಪರದೆ ತಾನೇ ಹೋಗಿಬಿಡುತ್ತದೆ. ಆಮೇಲೆ ಎನ್‌ವಿಡಿಯಾ ಮುಂತಾದ ಡ್ರೈವರ್‌ಗಳು ಲೋಡ್ ಆಗುವುದಿಲ್ಲ.

ನಂತರ ಗ್ರಬ್ ಪಟ್ಟಿ, ಅಂದರೆ ಯಾವ ಸಿಸ್ಟಂ ಬೇಕೆಂದು ಕೇಳುವ ಆಯ್ಕೆಯ ಪಟ್ಟಿ: ಮೇಲೆ ಲಿನಕ್ಸ್ ಮಿಂಟ್, ಕೆಳಗೆ ವಿಂಡೋಸ್ ಬೂಟ್ ಮ್ಯಾನೇಜರ್. ಎರಡನ್ನೂ ಒಂದೊಂದು ಸಲ ತೆರೆದು ನೋಡಿ. ವಿಂಡೋಸ್ ಹೆಸರಿಲ್ಲದಿದ್ದರೆ ಮಿಂಟ್‌ನ ಟರ್ಮಿನಲ್‌ನಲ್ಲಿ ಸುಡೊ (ಎಸ್, ಯು, ಡಿ, ಒ) ಎಂದು ಬರೆದು, ಜಾಗ ಬಿಟ್ಟು ಅಪ್‌ಡೇಟ್-ಗ್ರಬ್ ಎಂದು ಕೊಡಿ.

ಗಡಿಯಾರದ ಗೊಂದಲ ಬಹುತೇಕ ಎಲ್ಲರಿಗೂ ಬರುತ್ತದೆ. ಮಿಂಟ್‌ನಲ್ಲಿ ಬೆಳಗಿನ 10 ಗಂಟೆ ಇದ್ದಾಗ ವಿಂಡೋಸ್ ನಸುಕಿನ 4.30 ತೋರಿಸುತ್ತದೆ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಐದೂವರೆ ತಾಸಿನ ವ್ಯತ್ಯಾಸ ಅಲ್ಲಿಂದ ಬಂದದ್ದು. ನಸುಕಿನ 5ಕ್ಕೆ ಎದ್ದು ಬಿಲ್ ಮಾಡುವವರಿಗೆ ಹಿಂದಿನ ದಿನದ ತಾರೀಖು ಬೀಳುತ್ತದೆ. ಟರ್ಮಿನಲ್‌ನಲ್ಲಿ ಟೈಮ್‌ಡೇಟ್ ಎಂದು ಕೂಡಿಸಿ ಬರೆದು ಸಿ, ಟಿ, ಎಲ್ ಅಂಟಿಸಿ, ಜಾಗ ಬಿಟ್ಟು ಸೆಟ್-ಲೋಕಲ್-ಆರ್‌ಟಿಸಿ, ಮತ್ತೆ ಜಾಗ ಬಿಟ್ಟು 1 ಎಂದು ಕೊಟ್ಟರೆ ಎರಡೂ ಒಂದೇ ಸಮಯ ತೋರಿಸುತ್ತವೆ.

ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್‌ನ 'ಲೇಔಟ್ಸ್'ನಲ್ಲಿ 'ಕನ್ನಡ, ಕಗಪ, ಫೊನೆಟಿಕ್' ಸೇರಿಸಿ. ನುಡಿಯ ಕೀಲಿಮಣೆ ರೂಢಿಯಿದ್ದವರಿಗೆ ಬೆರಳು ತಡವರಿಸುವುದಿಲ್ಲ. ಹಳೆಯ ನುಡಿ ಫಾಂಟ್‌ನ ಕಡತಗಳು ಮಾತ್ರ ಲಿನಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ವಿಂಡೋಸ್‌ನಲ್ಲಿಯೇ ಯುನಿಕೋಡ್‌ಗೆ ಪರಿವರ್ತಿಸಿ ತನ್ನಿ.

## 12. ಮುಂದೆ ಕೆಟ್ಟರೆ

ಪಟ್ಟಿ ಬಾರದೆ ನೇರ ವಿಂಡೋಸ್ ತೆರೆದರೆ, ವಿಂಡೋಸ್ ಅಪ್‌ಡೇಟ್ ಬೂಟ್ ಸರದಿಯಲ್ಲಿ ತನ್ನನ್ನು ಮುಂದಿಟ್ಟುಕೊಂಡಿರುತ್ತದೆ. ಲಿನಕ್ಸ್ ಅಳಿಸಿಲ್ಲ. ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ 'ಉಬುಂಟು' ಎಂಬ ಸಾಲನ್ನು ಮೇಲಕ್ಕೆ ತನ್ನಿ. ಮಿಂಟ್ ಕೂಡ ಅದೇ ಹೆಸರಿನಲ್ಲಿ ದಾಖಲಾಗಿರುತ್ತದೆ, 'ಮಿಂಟ್' ಎಂದು ಹುಡುಕಿದರೆ ಸಿಗದು.

'ಎಸ್‌ಬಿಎಟಿ' ಎಂಬ ಪದವಿರುವ ತಪ್ಪು ಸಂದೇಶ ಬಂದು ಕಂಪ್ಯೂಟರ್ ಆಫ್ ಆದರೆ ಅದು ಸೆಕ್ಯೂರ್ ಬೂಟ್‌ನ ತಕರಾರು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ನಂತರ ಅನೇಕರಿಗೆ ಹೀಗಾಗಿತ್ತು. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ನಿಲ್ಲಿಸಿ, ಲಿನಕ್ಸ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ, ಆಮೇಲೆ ಮತ್ತೆ ಆನ್ ಮಾಡಿ.

ಕಪ್ಪು ಪರದೆಯಲ್ಲಿ 'ಗ್ರಬ್ ರೆಸ್ಕ್ಯೂ' ಎಂದು ಬರುವುದು ಹೆಚ್ಚಾಗಿ, ಲಿನಕ್ಸ್ ಬೇಡವಾದವರು ವಿಂಡೋಸ್‌ನಿಂದ ಅದರ ಪಾರ್ಟಿಷನ್ ನೇರವಾಗಿ ಅಳಿಸಿದಾಗ. ತೆಗೆಯುವುದಕ್ಕೂ ಕ್ರಮವಿದೆ: ಮೊದಲು ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ವಿಂಡೋಸ್ ಎರಡು ಸಲ ಸರಿಯಾಗಿ ಏಳುವುದನ್ನು ನೋಡಿ, ಬಳಿಕವೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಷನ್ ಅಳಿಸಿ ಸಿ ಡ್ರೈವ್ ಹಿಗ್ಗಿಸಿ. ಇಎಫ್‌ಐ ಪಾರ್ಟಿಷನ್ನಿನಲ್ಲಿ ಉಳಿಯುವ 'ಉಬುಂಟು' ಫೋಲ್ಡರ್ ಕೆಲವೇ ಎಂಬಿಯದು, ಅದನ್ನು ಅಲ್ಲೇ ಬಿಟ್ಟರೂ ತೊಂದರೆಯಿಲ್ಲ.